ನೆಲದ ಮೀನು: ಚರಕೋಕ್ತವಾದ ಚಿಲಿಚಿಮಲಕ್ಷಣವೂ ಹಾಲ್ಕುರಿಕೆಯ ಮರಳುಮೀನೂ

ಸಂಸ್ಕೃತಕೋಶಗಳನ್ನೂ ಅವುಗಳ ಟೀಕೆಗಳನ್ನೂ ಪಾಠ ಹೇಳುವವರಿಗೆ ಪದೇ ಪದೇ ಎದುರಾಗುವ ಶಬ್ದವೊಂದುಂಟು; ಅದು ‘ಮತ್ಸ್ಯವಿಶೇಷ’ವೆಂಬುದು. ಮೂಲದಲ್ಲಿ ಮೀನಿನ ಹೆಸರೊಂದು ಬಂದೊಡನೆಯೇ ಟೀಕಾಕಾರನ ಲೇಖನಿಯಿಂದ ಈ ಶಬ್ದವು ತಾನಾಗಿಯೇ ಇಳಿದುಬರುವುದು. ಕನ್ನಡದಲ್ಲಿ ಅರ್ಥ ಹೇಳುವವರು ಇದನ್ನೇ ‘ಒಂದು ಜಾತಿಯ ಮೀನು’ ಎಂದು ತಿರುಗಿಸುವರು. ಆಂಗ್ಲ ಕೋಶಕಾರರೂ ಇದೇ ಮಾತನ್ನು ತಮ್ಮ ಭಾಷೆಯಲ್ಲಿ ಬರೆದು ಮುಂದಕ್ಕೆ ಸಾಗುವರು. ಮೀನೆಂಬುದು ಮೂಲದಿಂದಲೇ ತಿಳಿದಿತ್ತು. ವಿಶೇಷವೇನೆಂಬುದನ್ನು ತಿಳಿಯಲೆಂದೇ ಟೀಕೆಯನ್ನು ತೆರೆದೆವು. ಅಲ್ಲಿ ‘ವಿಶೇಷವುಂಟು’ ಎಂದಿಷ್ಟೇ ಹೇಳಿದರೆ ಜಿಜ್ಞಾಸುವಿಗೆ ಲಾಭವೇನು?

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಮ್ಮ ಕಡೆಯ ಟೀಕಾಕಾರರಲ್ಲಿ ಬಹುಜನರು ಮತ್ಸ್ಯವನ್ನು ಮುಟ್ಟದ ಮನೆಗಳಲ್ಲಿ ಹುಟ್ಟಿ ಬೆಳೆದವರು. ಈ ಲೇಖಕನೂ ಅಂತಹವರಲ್ಲಿ ಒಬ್ಬನು. ಅಡಿಗೆಮನೆಗೆ ಬಾರದ ವಸ್ತುವು ಪಾಠಶಾಲೆಗೂ ಬಾರದು. ವಂಗದೇಶದ ಸರ್ವಾನಂದನು ಶಕವರ್ಷ ೧೦೮೧ಕ್ಕೆ, ಎಂದರೆ ಕ್ರಿ. ಶ. ೧೧೫೯ಕ್ಕೆ ಸರಿಯಾಗಿ, ಅಮರಕೋಶಕ್ಕೆ ಬರೆದ ಟೀಕಾಸರ್ವಸ್ವದಲ್ಲಿ ತನ್ನ ನಾಡಿನ ದೇಶ್ಯಪದಗಳನ್ನು ಮುನ್ನೂರರ ಹತ್ತಿರ ಸಂಗ್ರಹಿಸಿಕೊಟ್ಟಿರುವನು. ವಂಗಭಾಷೆಯ ಚರಿತ್ರೆಯನ್ನು ಬರೆಯುವವರಿಗೆ ಆ ಪದಗಳೇ ಇಂದು ಆಧಾರ. ಕಣ್ಣಿಗೆ ಕಾಣುವ ವಸ್ತುವನ್ನು ಊರಿನ ಮಾತಿನಿಂದ ತೋರಿಸುವ ಧೈರ್ಯವು ಟೀಕಾಕಾರನಿಗಿದ್ದರೆ ಆಗುವ ಉಪಕಾರವು ಎಷ್ಟೆಂಬುದಕ್ಕೆ ಈತನೊಬ್ಬನು ಸಾಕ್ಷಿ. ಊರಿನ ಮಾತನ್ನು ಬಿಟ್ಟು, ವಸ್ತುವನ್ನೂ ನೋಡದೆ ಹೋದುದರಿಂದ ಒಂದು ಶಾಸ್ತ್ರವಾಕ್ಯದ ಅರ್ಥವು ಹೇಗೆ ಮಸಕಾಯಿತೆಂಬುದನ್ನೂ, ನಮ್ಮ ತೆಂಗಿನ ಸೀಮೆಯ ಬೆರಳುದ್ದದ ಮೀನೊಂದನ್ನು ಎದುರಿಗಿಟ್ಟುಕೊಂಡರೆ ಅದು ಹೇಗೆ ತಿಳಿಯಾಗುವುದೆಂಬುದನ್ನೂ ವಾಚಕಮಹಾಶಯರ ಮುಂದೆ ನಿವೇದಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಾಲಿನೊಡನೆ ಮೀನನ್ನು ಸೇವಿಸಬಾರದೆಂಬ ನಿಯಮವನ್ನು ಆಯುರ್ವೇದವನ್ನು ಓದದವರೂ ಬಲ್ಲರು. ಇದರ ಮೂಲವು ಚರಕಸಂಹಿತೆಯ ಸೂತ್ರಸ್ಥಾನದ ೨೬ನೆಯ ಅಧ್ಯಾಯದಲ್ಲಿ, ವಿರುದ್ಧಾಹಾರವನ್ನು ಹೇಳುವ ಪ್ರಕರಣದಲ್ಲಿ ಇರುವುದು. ಅಲ್ಲಿ ಋಷಿಗಳ ನಡುವೆ ನಡೆದ ಚಿಕ್ಕದೊಂದು ವಾದವುಂಟು. ಎಲ್ಲ ಮೀನುಗಳನ್ನೂ ಹಾಲಿನೊಡನೆ ತಿನ್ನಬಹುದು, ಚಿಲಿಚಿಮವೊಂದನ್ನು ಮಾತ್ರ ಬಿಡಬೇಕು ಎಂಬುದು ಭದ್ರಕಾಪ್ಯನ ಮತ. ಭಗವಾನ್ ಆತ್ರೇಯನು ಅದನ್ನು ಒಪ್ಪದೆ, ಯಾವ ಮೀನೂ ಹಾಲಿನೊಡನೆ ಕೂಡದು, ಚಿಲಿಚಿಮವಂತೂ ಸರ್ವಥಾ ಕೂಡದು ಎಂದು ತೀರ್ಮಾನಿಸುವನು. ವಾದದಲ್ಲಿ ಚಿಲಿಚಿಮವೆಂದರೆ ಯಾವುದೆಂಬ ಸಂದೇಹಕ್ಕೆ ಎಡೆಯಿರಬಾರದೆಂದು ಅದರ ಲಕ್ಷಣವನ್ನೂ ಅಲ್ಲಿಯೇ ಹೇಳಿದೆ: ಅದಕ್ಕೆ ಪೊರೆಗಳುಂಟು; ಕಣ್ಣು ಕೆಂಪು; ಮೈಯೆಲ್ಲ ಕೆಂಪು ಗೆರೆಗಳು; ಆಕಾರವು ರೋಹಿತಮತ್ಸ್ಯದಂತೆ; ಅದು ಪ್ರಾಯಃ ಭೂಮಿಯಲ್ಲಿ ಸಂಚರಿಸುವುದು.

ಇಷ್ಟು ಸ್ಪಷ್ಟವಾದ ಲಕ್ಷಣವಿದ್ದೂ ಚಿಲಿಚಿಮವು ಕೋಶಗಳಲ್ಲಿ ಮತ್ತೆ ಮತ್ಸ್ಯವಿಶೇಷವೇ ಆಯಿತು. ಅಮರಸಿಂಹನು ವಾರಿವರ್ಗದಲ್ಲಿ ಇದನ್ನು ನಲಮೀನವೆಂಬ ಹೆಸರಿನೊಡನೆ ಸೇರಿಸಿರುವನು. ನಲವೆಂದರೆ ಜೊಂಡು, ಜೊಂಡಿನ ನಡುವೆ ಇರುವ ಮೀನು ಎಂಬಷ್ಟು ಅದರಿಂದ ತಿಳಿಯುವುದು. ಆದರೆ ತೊಡಕಿರುವುದು ಚರಕನ ಕಡೆಯ ಲಕ್ಷಣದಲ್ಲಿ. ಭೂಮಿಯಲ್ಲಿ ಸಂಚರಿಸುವ ಮೀನು ಯಾವುದು? ‘ಭೂಮಿ’ಯೆಂದರೆ ನೀರಿನ ಹೊರಗಣ ನೆಲವೋ, ನೀರಿನ ತಳದ ನೆಲವೋ? ನೀರಿನ ಹೊರಗೆ ಎಂದು ಅರ್ಥಮಾಡುವವರ ಕೈಯಲ್ಲಿ ಒಂದು ಪ್ರಬಲವಾದ ಉದಾಹರಣೆಯಿರುವುದು. ನೆಲದ ಮೇಲೆ ತೆವಳುವ ಮೀನುಗಳು ಭರತಖಂಡದಲ್ಲಿ ಉಂಟು. ಅನಬಾಸ್ ಎಂದು ಪಾಶ್ಚಾತ್ಯರು ಕರೆಯುವ ಮೀನು ಮಳೆಗಾಲದಲ್ಲಿ ಕಿವಿರುಮುಚ್ಚಳದ ಮುಳ್ಳುಗಳನ್ನು ಊರಿಕೊಂಡು ಹೊಂಡದಿಂದ ಹೊಂಡಕ್ಕೆ ನೆಲದ ಮೇಲೆ ಹೋಗುವುದು. ತರಂಗಂಬಾಡಿಯಲ್ಲಿದ್ದ ಡಾಲ್ಡಾರ್ಫ್ ಎಂಬ ಡೇನಿಷ್ ಅಧಿಕಾರಿಯು ಅದು ತಾಳೆಯ ಮರವನ್ನು ಹತ್ತುತ್ತಿದ್ದುದನ್ನು ಕಂಡೆನೆಂದು ಬರೆದುದು ೧೭೯೭ರಲ್ಲಿ ಲಂಡನ್ನಿನ ಲಿನ್ನೇಯನ್ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಮೀನು ಭೂಮಿಯಲ್ಲಿ ಸಂಚರಿಸುವುದೆಂದರೆ ಇದೇ ಅಲ್ಲವೇ ಎಂಬುದು ಪೂರ್ವಪಕ್ಷ.

ಈ ಪಕ್ಷವನ್ನು ತರ್ಕದಿಂದ ಮಾತ್ರವೇ ಖಂಡಿಸಬಹುದು. ಆದರೆ ನೀರಿನ ತಳವನ್ನೇ ನೆಲವಾಗಿ ಮಾಡಿಕೊಂಡು ಬಾಳುವ ಮೀನು ಹೇಗಿರುವುದೆಂಬುದನ್ನು ಒಮ್ಮೆ ಪ್ರತ್ಯಕ್ಷವಾಗಿ ನೋಡಿದವನಿಗೆ ಆ ತರ್ಕವು ಹೆಚ್ಚು ಗಟ್ಟಿಯಾಗಿ ನಿಲ್ಲುವುದು. ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿ ನಾನು ಅಮರವನ್ನು ಹೇಳಿಕೊಡುತ್ತಿದ್ದಾಗ, ವಾರಿವರ್ಗದ ಪಾಠ ನಡೆದ ಮರುದಿನ, ತೋಟದ ಮನೆಯ ಹುಡುಗನೊಬ್ಬನು ತೆಂಗಿನ ಕರಟದಲ್ಲಿ ನೀರನ್ನೂ ಹಿಡಿ ಮರಳನ್ನೂ ತುಂಬಿ ತಂದು ಮುಂದಿಟ್ಟನು. ನೋಡಿದರೆ ಅದರಲ್ಲಿ ಏನೂ ಕಾಣಲಿಲ್ಲ. ‘ಸ್ವಲ್ಪ ತಾಳಿ, ಸ್ವಾಮಿ’ ಎಂದು ಅವನು ಬೆರಳಿನಿಂದ ಮರಳನ್ನು ಕದಡಿದೊಡನೆ ಬೆರಳುದ್ದದ ಜೀವವೊಂದು ಮಿಂಚಿನಂತೆ ಎದ್ದು, ಕರಟವನ್ನು ಒಂದು ಸುತ್ತು ಸುತ್ತಿ, ತಲೆಯನ್ನು ಕೆಳಗೆ ಮಾಡಿ, ಮತ್ತೆ ಮರಳಿನಲ್ಲಿ ಇಲ್ಲವಾಯಿತು. ಮರಳಿನಲ್ಲಿ ಹುದುಗುವುದೇ ಇದರ ಸ್ವಭಾವವಾದುದರಿಂದ ಈ ಲೇಖನದಲ್ಲಿ ಇದನ್ನು ‘ಮರಳುಮೀನು’ ಎಂದು ವ್ಯವಹರಿಸುವೆನು.

ಪಾಶ್ಚಾತ್ಯರ ಪ್ರಾಣಿಶಾಸ್ತ್ರದಲ್ಲಿ ಇದರ ಹೆಸರು ಲೆಪಿಡೊಕೆಫಾಲಿಕ್ತಿಸ್ ಥರ್ಮಾಲಿಸ್. ದೇಹವು ನೀಳವಾಗಿ, ಪಕ್ಕಗಳಲ್ಲಿ ಅಮುಕಿದಂತಿದ್ದು, ಮರಳಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳ ಸಾಲನ್ನು ಹೊಂದಿರುವುದು. ಬಾಲದ ಬುಡದಲ್ಲಿ ಮೇಲುಭಾಗಕ್ಕೆ ಒಂದು ಕರಿಯ ಬೊಟ್ಟುಂಟು. ಪೊರೆಗಳು ಇಲ್ಲವೆಂಬಷ್ಟು ಸಣ್ಣವು, ಚರ್ಮದಲ್ಲಿ ಹುದುಗಿದವು. ಬಾಯಿ ಮೂತಿಯ ತುದಿಯಲ್ಲಿಲ್ಲದೆ ಕೆಳಭಾಗದಲ್ಲಿದೆ. ಅದರ ಸುತ್ತಲೂ ನಾಲ್ಕು ಜೊತೆ ಮೀಸೆಗಳು. ಕಣ್ಣುಗಳು ತಲೆಯ ಮೇಲುಭಾಗಕ್ಕೆ ಸರಿದಿರುವುವು. ಬಾಯಿ ಕೆಳಗೆ, ಕಣ್ಣು ಮೇಲೆ ಎಂಬ ಈ ಎರಡು ಚಿಹ್ನೆಗಳಿಂದಲೇ ಈ ಪ್ರಾಣಿಯ ಜೀವನಕ್ರಮವನ್ನು ಓದಬಹುದು: ಇದರ ಅನ್ನವು ಕೆಳಗಿನಿಂದ ಬರುವುದು, ಭಯವು ಮೇಲಿನಿಂದ ಬರುವುದು. ಮೀಸೆಗಳಿಂದ ಮರಳನ್ನು ತಡವಿ, ಬಾಯ್ತುಂಬ ಮರಳನ್ನು ತೆಗೆದುಕೊಂಡು, ಅದರೊಳಗಣ ಸಣ್ಣ ಹುಳುಗಳನ್ನೂ ಪಾಚಿಯ ಚೂರುಗಳನ್ನೂ ಉಳಿಸಿಕೊಂಡು, ಮರಳನ್ನು ಕಿವಿರುಗಳ ಮೂಲಕ ಹೊರಕ್ಕೆ ಬಿಡುವುದು. ಮೊರದಲ್ಲಿ ಅಕ್ಕಿಯನ್ನು ಕೇರುವವರ ಕೆಲಸವನ್ನು ಇದು ಬಾಯಲ್ಲಿಯೇ ಮಾಡುವುದು.

ಕಣ್ಣಿನ ಕೆಳಗೆ ಇಬ್ಬಗೆಯಾಗಿ ಕವಲೊಡೆದ ಸಣ್ಣ ಮುಳ್ಳೊಂದು ಚರ್ಮದ ಮಡಿಕೆಯಲ್ಲಿ ಅಡಗಿರುವುದು. ಶತ್ರುವು ಹಿಡಿದಾಗ ಮೀನು ಅದನ್ನು ನಿಮಿರಿಸುವುದು. ಹಿಡಿದ ಕೈಯು ತಾನಾಗಿಯೇ ಸಡಿಲುವುದು. ಗಂಡುಹೆಣ್ಣುಗಳ ಭೇದವನ್ನು ತಿಳಿಯಲು ಎದೆಯ ರೆಕ್ಕೆಯನ್ನು ನೋಡಬೇಕು: ಬೆಳೆದ ಗಂಡಿನಲ್ಲಿ ಆ ರೆಕ್ಕೆಯ ಒಳಬದಿಯ ಕಡ್ಡಿಗಳು ದಪ್ಪವಾಗಿ ಒಂದಾಗಿರುವುವು. ಮಳೆಗಾಲದ ಹೊಸ ನೀರು ಇವುಗಳ ಸಂತಾನಕಾಲ.

ಇವೆಲ್ಲಕ್ಕಿಂತ ಮುಖ್ಯವಾದುದು ಹೊಟ್ಟೆಯೊಳಗಣ ಗಾಳಿಚೀಲದ ವಿಚಾರ. ರೋಹಿತಾದಿಗಳಲ್ಲಿ ಈ ಚೀಲವು ದೊಡ್ಡದಾಗಿದ್ದು ಮೀನನ್ನು ನೀರಿನ ನಡುವೆ ತೇಲಿಸಿ ನಿಲ್ಲಿಸುವುದು. ಮರಳುಮೀನಿನ ಬಳಗದಲ್ಲಿ ಈ ಚೀಲದ ಮುಂಭಾಗವು ಮೂಳೆಯ ಕೋಶವೊಂದರಲ್ಲಿ ಸೆರೆಯಾಗಿ, ಹಿಂಭಾಗವು ಕುಗ್ಗಿಹೋಗಿರುವುದು. ಆದಕಾರಣ ಈ ಮೀನಿಗೆ ನಡುನೀರಿನಲ್ಲಿ ನಿಲ್ಲುವ ಶಕ್ತಿಯೇ ಇಲ್ಲ. ಈಜುವುದನ್ನು ನಿಲ್ಲಿಸಿದ ಕ್ಷಣವೇ ನೆಲಕ್ಕೆ ಇಳಿಯುವುದು. ಹಕ್ಕಿಗಳಲ್ಲಿ ಕೋಳಿಯು ಹೇಗೋ ಮೀನುಗಳಲ್ಲಿ ಇದು ಹಾಗೆ. ಇದು ನೆಲದ ಮೇಲೆ ಇರುವುದು ರುಚಿಯಿಂದಲ್ಲ, ಶರೀರರಚನೆಯಿಂದ.

ನೆಲದ ಬಳಿಯ ನೀರು ಬೇಸಗೆಯಲ್ಲಿ ಕೆಡುವುದು, ಅದರಲ್ಲಿ ಪ್ರಾಣವಾಯುವು ಕಡಮೆಯಾಗುವುದು. ಆಗ ಈ ಮೀನು ಸರ್ರನೆ ಮೇಲಕ್ಕೆ ಹಾರಿ ಒಂದು ಗುಟುಕು ಗಾಳಿಯನ್ನು ನುಂಗಿ ಕೆಳಗಿಳಿಯುವುದು. ನುಂಗಿದ ಗಾಳಿಯು ಕರುಳಿನಲ್ಲಿ ಹಾದುಹೋಗುವಾಗ ಕರುಳಿನ ತೆಳುವಾದ ಗೋಡೆಯೇ ಪ್ರಾಣವಾಯುವನ್ನು ಹೀರಿಕೊಂಡು, ಉಳಿದುದು ಗುದಮಾರ್ಗದಿಂದ ಗುಳ್ಳೆಯಾಗಿ ಹೊರಡುವುದು. ಈ ಬಳಗದ ಯುರೋಪದೇಶದ ಮೀನೊಂದರಲ್ಲಿ ಇಂತಹ ಕರುಳಿನ ಉಸಿರಾಟವನ್ನು ಎರ್ಮನ್ ಎಂಬ ಜರ್ಮನ್ ಪಂಡಿತನು ೧೮೦೮ರಷ್ಟು ಹಿಂದೆಯೇ ಬಣ್ಣಿಸಿರುವನು. ಪ್ರಾಣವಾಗಿ ಒಳಹೊಕ್ಕುದು ಅಪಾನವಾಗಿ ಹೊರಬೀಳುವ ಈ ವ್ಯವಸ್ಥೆಯನ್ನು ಯೋಗಶಾಸ್ತ್ರವನ್ನು ಬಲ್ಲವರಿಗೆ ಹೇಳಿದರೆ ಅವರು ನಗದೆ ಇರಲಾರರು. ಆದರೆ ಕುಂಟೆಯ ಕೆಸರುನೀರಿನಲ್ಲಿ ಇತರ ಮೀನುಗಳು ಸತ್ತು ತೇಲುವಾಗ ಇದು ಜೀವಿಸಿರುವುದು ಈ ಉಪಾಯದಿಂದಲೇ.

ಇನ್ನು ಹೆಸರಿನ ವಿಚಾರ. ಲೆಪಿಡೊಕೆಫಾಲಿಕ್ತಿಸ್ ಎಂಬುದು ಮೂರು ಯವನಪದಗಳ ಸಮಾಸ. ಪೊರೆ, ತಲೆ, ಮೀನು ಎಂದು ಕ್ರಮವಾಗಿ ಅರ್ಥ. ‘ಶಲ್ಕಶಿರೋಮತ್ಸ್ಯ’ವೆಂದು ನಮ್ಮ ಬಹುವ್ರೀಹಿಗರ್ಭವಾದ ಸಮಾಸದಿಂದ ಅದನ್ನು ಒಪ್ಪವಾಗಿ ತಿರುಗಿಸಬಹುದು. ತಲೆಯ ಮೇಲೆಯೂ ಸೂಕ್ಷ್ಮವಾದ ಪೊರೆಗಳಿರುವುದರಿಂದ ಬ್ಲೀಕರ್ ಎಂಬವನು ೧೮೬೩ರಲ್ಲಿ ಈ ಕುಲನಾಮವನ್ನಿಟ್ಟನು. ಎರಡನೆಯ ಪದವು ವಿಚಾರಾರ್ಹವಾದುದು. ‘ಥರ್ಮಾಲಿಸ್’ ಎಂದರೆ ಉಷ್ಣೋದಕಕ್ಕೆ ಸಂಬಂಧಪಟ್ಟುದು. ಸಿಂಹಳದ ತ್ರಿಕೋಣಮಲೆಯ ಬಳಿಯ ಕನ್ನಿಯಾ ಬಿಸಿನೀರಿನ ಬುಗ್ಗೆಗಳಲ್ಲಿ ದೊರೆತ ಮೀನನ್ನು ನೋಡಿ ಫ್ರಾನ್ಸಿನ ವಾಲೆನ್ಸಿಯೆನ್ ೧೮೪೬ರಲ್ಲಿ ಈ ಹೆಸರನ್ನು ಕೊಟ್ಟನು. ತರುವಾಯ ತಿಳಿದುಬಂದುದೇನೆಂದರೆ, ಈ ಮೀನು ಸಿಂಹಳದಲ್ಲಿಯೂ ದಕ್ಷಿಣಾಪಥದಲ್ಲಿಯೂ ಸಾಮಾನ್ಯವಾದ ತಣ್ಣೀರಿನ ಹಳ್ಳಗಳಲ್ಲಿ, ಕಾಲುವೆಗಳಲ್ಲಿ, ಕೆರೆಗಳಲ್ಲಿ ವಾಸಿಸುವುದು. ಬಿಸಿನೀರು ಅದಕ್ಕೆ ಅಪವಾದವಾದ ಸ್ಥಾನ. ಹೀಗಾಗಿ ಹೆಸರಿನ ಯೋಗಾರ್ಥವು ಬಿದ್ದುಹೋಗಿ ರೂಢಿಯು ಮಾತ್ರ ನಿಂತಿರುವುದು. ‘ಮಂಡಪ’ವೆಂಬ ಪದದಲ್ಲಿ ಗಂಜಿ ಕುಡಿಯುವವನನ್ನು ಹುಡುಕಬಾರದೆಂದು ನೈಯಾಯಿಕರು ಹೇಳುವರಲ್ಲವೆ? ಹಾಗೆಯೇ ಈ ಮೀನಿನಲ್ಲಿ ಬಿಸಿನೀರನ್ನು ಹುಡುಕಬಾರದು. ಪಾಶ್ಚಾತ್ಯರ ನಾಮಕರಣವೆಲ್ಲವೂ ಲಕ್ಷಣಶುದ್ಧವೆಂದು ನಂಬಿ, ನಮ್ಮ ಪದಗಳನ್ನು ಮಾತ್ರ ಅಸ್ಪಷ್ಟವೆಂದು ಹಳಿಯುವವರು ಇದನ್ನು ಗಮನಿಸಬೇಕು.

ಹಾಗೆಂದು ಅವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮಾರ್ಗವಾಗಿಯೂ ಹಾದುಹೋದನು; ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ನಾಡಿನ ತೆಂಗು ಅಡಕೆಗಳ ತೋಟಗಾರಿಕೆಯ ಸಂಗತಿಗಳಿವೆ. ಆತನೇ ಮುಂದೆ ವಂಗದೇಶದಲ್ಲಿ ನೆಲಸಿ, ಗಂಗೆಯ ಮತ್ತು ಅದರ ಕವಲುಗಳ ಮೀನುಗಳನ್ನು ಕುರಿತು ೧೮೨೨ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಅವನು ಮಾಡಿದ ಒಂದು ಕೆಲಸವು ಕೋಶಕಾರರೆಲ್ಲರಿಗೂ ಪಾಠವಾಗತಕ್ಕದ್ದು: ಬೆಸ್ತರ ಬಾಯಿಯಲ್ಲಿ ಕೇಳಿದ ಹೆಸರುಗಳನ್ನೇ ಶಾಸ್ತ್ರನಾಮಗಳಾಗಿ ಇಟ್ಟನು. ರೋಹಿತ, ಕಾಟ್ಲ, ಮೃಗಲ, ಟೆಂಗರಾ, ಬೋಟಿಯಾ ಎಂಬಂತಹ ದೇಶ್ಯಪದಗಳು ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಉಳಿದಿರುವುದು ಅವನಿಂದ. ನಮ್ಮ ಮರಳುಮೀನಿನ ಉತ್ತರದೇಶದ ದಾಯಾದಿಗೆ ‘ಗುಂಟೆಯ’ ಎಂಬ ಹೆಸರು ಬಂದುದೂ ಅವನಿಂದಲೇ. ತೆಂಗಿನ ಸೀಮೆಯಲ್ಲಿ ಹಾದುಹೋದಾಗ ಅವನ ಕೆಲಸವು ಬೇಸಾಯವನ್ನು ಪರೀಕ್ಷಿಸುವುದಾಗಿತ್ತು. ಮೀನಿನ ಕೆಲಸವನ್ನು ಅವನು ಇಲ್ಲಿಯೇ ಹಿಡಿದಿದ್ದರೆ ಕನ್ನಡದ ನಾಲ್ಕಾರು ಹೆಸರುಗಳಾದರೂ ಶಾಸ್ತ್ರದಲ್ಲಿ ಸೇರುತ್ತಿದ್ದುವೋ ಏನೋ.

ದ್ರಾವಿಡಭಾಷೆಗಳ ಕಡೆಗೆ ತಿರುಗಿದರೆ, ತಮಿಳಿನಲ್ಲಿ ಈ ಮೀನಿಗೆ ‘ಅಯಿರೈ’ ಎಂಬ ಪ್ರಾಚೀನವಾದ ಹೆಸರುಂಟು. ಸಂಘಕಾಲದ ಕವಿಗಳು ಕೊಕ್ಕರೆಯ ಆಹಾರವನ್ನು ಹೇಳುವಾಗ ಈ ಮೀನನ್ನು ಹೆಸರಿಸಿ ಹೇಳುವರು; ಮಧುರೆಯ ಕಡೆಯಲ್ಲಿ ಅಯಿರೈಮೀನಿನ ಸಾರು ಇಂದಿಗೂ ಹೆಸರಾದ ಅಡಿಗೆ. ಮಲಯಾಳದಲ್ಲಿಯೂ ‘ಅಯಿರ’ ಎಂಬ ರೂಪವಿದೆ. ತಮಿಳಿನಲ್ಲಿ ‘ಅಯಿರ್’ ಎಂದರೆ ನುಣ್ಣನೆಯ ಮರಳು. ಮರಳಿನ ಬಣ್ಣದಿಂದಲೋ ಮರಳಿನ ವಾಸದಿಂದಲೋ ಈ ಹೆಸರು ಹುಟ್ಟಿರಬೇಕೆಂದು ಊಹಿಸುವುದು ಯುಕ್ತ. ಕೊಕ್ಕರೆಯ ಬಾಯಿಗೆ ಬೀಳುವ ಮೀನಿಗೂ ಒಂದು ನಾಮಧೇಯವುಂಟೆಂದು ಬಗೆದ ಆ ಕವಿಗಳಿಗೂ, ‘ಮತ್ಸ್ಯವಿಶೇಷ’ವೆಂದು ಕೈತೊಳೆದುಕೊಳ್ಳುವ ನಮ್ಮ ಟೀಕೆಗಳಿಗೂ ಇರುವ ಅಂತರವನ್ನು ಅಧ್ಯಾಪಕರು ಗಮನಿಸಬೇಕೆಂದು ನನ್ನ ವಿಜ್ಞಾಪನೆ.

ಮರಳುಮೀನಿನ ವ್ಯಾಪ್ತಿಯ ವಿಚಾರದಲ್ಲಿ ನಮ್ಮ ಸೀಮೆಗೆ ಒಂದು ವೈಶಿಷ್ಟ್ಯವಿರುವುದು. ತುಮಕೂರು ಜಿಲ್ಲೆಯು ಮೂರು ಮಹಾನದಿಗಳಿಗೆ ನೀರನ್ನು ಹಂಚಿಕೊಡುವ ಎತ್ತರದ ನೆಲ. ತುರುವೇಕೆರೆಯ ಕಡೆಯ ನೀರು ಶಿಂಷೆಯನ್ನು ಸೇರಿ ಕಾವೇರಿಗೆ ಹೋಗುವುದು. ಚಿಕ್ಕನಾಯಕನಹಳ್ಳಿಯ ಉತ್ತರಭಾಗದ ನೀರು ಬೋರನಕಣಿವೆಯಲ್ಲಿ ಹಾದು ಸುವರ್ಣಮುಖಿಯಾಗಿ ವೇದಾವತಿಯನ್ನೂ, ಅದರ ಮೂಲಕ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇರುವುದು. ಜಯಮಂಗಲಿಯು ಉತ್ತರಪಿನಾಕಿನಿಗೆ ಹರಿಯುವುದು. ಒಂದೇ ಮಳೆಯ ಎರಡು ಹನಿಗಳು ಒಂದೇ ತೋಟದ ಸಾಲಿನ ಎರಡು ಪಕ್ಕಗಳಲ್ಲಿ ಬಿದ್ದು ಬೇರೆ ಬೇರೆ ಸಾಗರಸಂಗಮಗಳಿಗೆ ಪಯಣಮಾಡುವ ನಾಡಿದು. ನೆಲಬಿಟ್ಟು ಏಳಲಾರದ ಮೀನೊಂದು ಇಂತಹ ದಿನ್ನೆಗಳ ಎರಡು ಕಡೆಗಳಲ್ಲಿಯೂ, ಕಡಲಿನಾಚೆಯ ಸಿಂಹಳದಲ್ಲಿಯೂ ಇರುವುದಕ್ಕೆ ಕಾರಣವೇನು? ಸಿಂಹಳದ ಮಾತಿಗೆ ಉತ್ತರವು ಭೂಗರ್ಭಶಾಸ್ತ್ರದಲ್ಲಿದೆ; ಕಡಲ ಮಟ್ಟವು ತಗ್ಗಿದ್ದ ಕಾಲಗಳಲ್ಲಿ ಆ ದ್ವೀಪವು ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಬೆಟ್ಟದ ಝರಿಗಳಲ್ಲಿ ಬಂಡೆಗಂಟಿ ಬಾಳುವ ಮೀನುಗಳನ್ನು ಕುರಿತು ಡಾಕ್ಟರ್ ಸುಂದರಲಾಲ್ ಹೋರಾ ಅವರು ಪ್ರತಿಪಾದಿಸಿದ ಸಾತ್ಪುರವಾದವೂ ಪ್ರಸಿದ್ಧವಾದುದು: ಅಸ್ಸಾಮಿನ ಕಡೆಯಿಂದ ವಿಂಧ್ಯಸಾತ್ಪುರಗಳ ಮಾರ್ಗವಾಗಿ ಅವು ಸಹ್ಯಾದ್ರಿಗೆ ಬಂದುವೆಂಬುದು ಅದರ ಸಾರ. ಈಚಿನವರು ಅದನ್ನು ಹಾಗೆಯೇ ಒಪ್ಪುತ್ತಿಲ್ಲ. ನಮ್ಮ ಬಯಲುನಾಡಿನ ಮಟ್ಟಿಗೆ ಹೇಳುವುದಾದರೆ, ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ ಹೆಣೆದುಕೊಂಡಿರುವ ನೀರಿನ ಜಾಲವು ಸಣ್ಣ ಮೀನುಗಳಿಗೆ ರಾಜಮಾರ್ಗ. ಗೊರೂರಿನಲ್ಲಿ ೧೯೭೯ರಲ್ಲಿ ಮುಗಿದ ಅಣೆಕಟ್ಟಿನ ತರುವಾಯ ಹೇಮಾವತಿಯ ನೀರು ಬಾಗೂರ–ನವಿಲೆ ಸುರಂಗದ ಮೂಲಕ ಈ ಜಿಲ್ಲೆಗೆ ಹರಿಯುತ್ತಿರುವುದು. ಇನ್ನು ಮುಂದೆ ಇಲ್ಲಿನ ಕೆರೆಯೊಂದರಲ್ಲಿ ಸಿಕ್ಕಿದ ಮೀನನ್ನು ‘ಈ ಕೆರೆಯದು’ ಎನ್ನುವ ಮುಂಚೆ ನೀರು ಎಲ್ಲಿಯದೆಂದು ಕೇಳಬೇಕು.

ಪ್ರಕೃತಕ್ಕೆ ಬರೋಣ. ಚರಕನ ವಾಕ್ಯದಲ್ಲಿ ‘ಪ್ರಾಯಃ’ ಎಂಬ ಅವ್ಯಯವಿರುವುದನ್ನು ಮೇಲೆ ಹೇಳಿದೆ. ನೀರಿನ ಹೊರಗಣ ನೆಲವೆಂಬ ಅರ್ಥವನ್ನು ಒಪ್ಪಿದರೆ, ಚಿಲಿಚಿಮವು ಬಹುಕಾಲ ನೆಲದ ಮೇಲೆ ತಿರುಗಾಡುವುದೆಂದಾಗುವುದು. ಅಂತಹ ಮೀನು ಈ ದೇಶದಲ್ಲಿ ಇಲ್ಲ. ಅನಬಾಸ್ ಕೂಡ ಮಳೆಯ ದಿನದಲ್ಲಿ, ಹೊಂಡ ಬತ್ತಿದಾಗ, ಎಂದೋ ಒಮ್ಮೆ ತೆವಳುವುದೇ ಹೊರತು ಪ್ರಾಯಶಃ ನೀರಿನಲ್ಲಿಯೇ ಇರುವುದು. ಅದನ್ನು ಲಕ್ಷಿಸಿ ಹೇಳುವವನು ‘ಕದಾಚಿತ್’ ಎನ್ನುತ್ತಿದ್ದನು. ಹೊಂಡದ ತಳವೆಂಬ ಅರ್ಥದಲ್ಲಾದರೋ ‘ಪ್ರಾಯಃ’ ಎಂಬುದು ಎಳ್ಳಷ್ಟೂ ತಪ್ಪದೆ ಹೊಂದುವುದು. ನೆಲವಾಸಿಯಾದ ಮೀನು ಬಹುಕಾಲ ತಳದಲ್ಲಿದ್ದು ಗಾಳಿಗೋ ಆಹಾರಕ್ಕೋ ಆಗಾಗ ಮೇಲೇಳುವುದು. ಕರಟದ ಮೀನನ್ನು ಅರೆಗಳಿಗೆ ನೋಡಿದವನು ಅದರ ನಡತೆಯನ್ನು ಹೇಳಹೊರಟರೆ ‘ಪ್ರಾಯಃ’ ಎಂಬ ಮಾತನ್ನೇ ಆರಿಸಿಕೊಳ್ಳುವನು.

ಎರಡನೆಯ ಯುಕ್ತಿಯು ವಿಶೇಷಣದ ಸ್ವಭಾವದಿಂದ ಸಿದ್ಧವಾಗುವುದು. ವಿಶೇಷಣವು ವ್ಯಾವರ್ತಕವಾಗಿರಬೇಕು. ಆಕಾರದಲ್ಲಿ ರೋಹಿತದಂತೆ ಎಂದು ಹೇಳಿದ ಮೇಲೆ ರೋಹಿತದಿಂದ ಇದನ್ನು ಬೇರ್ಪಡಿಸುವ ಧರ್ಮವನ್ನು ಹೇಳಬೇಕಾಯಿತು. ಮೀನು ಸಾಕುವವರನ್ನು ಕೇಳಿದರೆ, ಕಾಟ್ಲವು ಮೇಲುನೀರಿನಲ್ಲಿ, ರೋಹಿತವು ನಡುನೀರಿನಲ್ಲಿ, ಮೃಗಲವು ತಳದಲ್ಲಿ ಮೇಯುವುದೆಂದೂ, ಆದುದರಿಂದಲೇ ಮೂರನ್ನೂ ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಬೆಳೆಸಬಹುದೆಂದೂ ಹೇಳುವರು. ನಡುನೀರಿನ ರೋಹಿತದಿಂದ ಚಿಲಿಚಿಮವನ್ನು ಬೇರ್ಪಡಿಸುವ ಧರ್ಮವು ತಳದ ಸಂಚಾರವಲ್ಲದೆ ಮತ್ತೇನು?

ರೋಹಿತದ ನಡತೆಯನ್ನು ಚರಕನು ಅರಿತಿದ್ದನೇ ಎಂಬ ಶಂಕೆಗೆ ಸಂಹಿತೆಯೇ ಉತ್ತರವನ್ನು ಕೊಡುವುದು. ಮುಂದಿನ ೨೭ನೆಯ ಅಧ್ಯಾಯದಲ್ಲಿ ರೋಹಿತವು ಪಾಚಿಯನ್ನೂ ಎಳೆಹುಲ್ಲನ್ನೂ ತಿನ್ನುವುದರಿಂದಲೂ ನಿದ್ರಿಸದಿರುವುದರಿಂದಲೂ ಅದರ ಮಾಂಸವು ಜೀರ್ಣಕ್ಕೆ ಹಗುರವೆಂದು ಹೇಳಿದೆ. ಅದೇ ಅಧ್ಯಾಯದಲ್ಲಿ ಮಾಂಸಪರೀಕ್ಷೆಯ ಅಂಗಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳಿರುವುದು ‘ಚರ’ವನ್ನು, ಎಂದರೆ ಪ್ರಾಣಿಯು ಸಂಚರಿಸುವ ಮತ್ತು ಮೇಯುವ ಸ್ಥಾನವನ್ನು. ಚಿಲಿಚಿಮದ ಸಂಚಾರವನ್ನು ಹೇಳುವ ಕ್ರಿಯಾಪದವೂ ಅದೇ ಧಾತುವಿನದು. ಮೀನನ್ನು ವಾರಿಶಯಗಳೆಂಬ ವರ್ಗದಲ್ಲಿಯೂ, ಬಿಲದಲ್ಲಿ ಮಲಗುವ ಪ್ರಾಣಿಗಳನ್ನು ಭೂಮಿಶಯಗಳೆಂಬ ವರ್ಗದಲ್ಲಿಯೂ ಅಷ್ಟು ಎಚ್ಚರಿಕೆಯಿಂದ ಬೇರ್ಪಡಿಸಿದ ಆಚಾರ್ಯನು, ನೆಲದ ಮೇಲೆಯೇ ಬಾಳುವ ಮೀನೊಂದಿದ್ದರೆ ಅದನ್ನು ವರ್ಗೀಕರಣದಲ್ಲಿ ತೋರಿಸದೆ ಬಿಡುತ್ತಿರಲಿಲ್ಲ. ‘ಹಾಗಾದರೆ ತಳವೆಂದೇ ಏಕೆ ಹೇಳಲಿಲ್ಲ?’ ಎಂದು ಕೇಳುವವರಿಗೆ ಉತ್ತರವು ಸುಲಭ. ಮೀನಿಗೆ ನೀರೇ ಆಕಾಶ. ನೀರಿನ ಅಡಿಯ ನೆಲವು ಅದಕ್ಕೆ ಭೂಮಿಯೇ.

ಇದರಿಂದ ಮರಳುಮೀನೇ ಚಿಲಿಚಿಮವೆಂದು ಯಾರೂ ಎಣಿಸಬಾರದು. ನೆಲದ ಸಂಚಾರವೊಂದೇ ಎರಡಕ್ಕೂ ಸಾಮಾನ್ಯ. ಮರಳುಮೀನಿನ ಪೊರೆಯು ಕಣ್ಣಿಗೆ ಕಾಣದು; ಅದರ ಮೈಯಲ್ಲಿ ಕೆಂಪು ಗೆರೆಗಳಿಲ್ಲ; ಆಕಾರವು ರೋಹಿತಕ್ಕೆ ಬಹುದೂರ. ಲಕ್ಷಣಗಳೆಲ್ಲವೂ ಕೂಡುವ ಮೀನನ್ನು ರೋಹಿತದ ಬಳಗದಲ್ಲಿಯೇ, ತಳದಲ್ಲಿ ಮೇಯುವವುಗಳ ನಡುವೆ ಹುಡುಕಬೇಕು. ಗಂಗೆಯಿಂದ ಕೃಷ್ಣೆಯವರೆಗೆ ದೊರೆಯುವ ಕಾಲ್ಬಸು ಎಂಬ ಮೀನು ರೋಹಿತದ ಕುಲದ್ದೇ, ತಳದಲ್ಲಿ ಮೇಯುವುದು, ಕಪ್ಪಾದ ಅದರ ಪಕ್ಕಗಳಲ್ಲಿ ಹಲವು ಪೊರೆಗಳ ನಡುವೆ ರಕ್ತವರ್ಣದ ಬೊಟ್ಟುಗಳಿರುವುದನ್ನು ಡಾಕ್ಟರ್ ಫ್ರಾನ್ಸಿಸ್ ಡೇ ೧೮೭೫ರಿಂದ ೧೮೭೮ರವರೆಗೆ ಅಚ್ಚಾದ ತಮ್ಮ ಭಾರತಮತ್ಸ್ಯಗ್ರಂಥದಲ್ಲಿ ಬರೆದಿರುವರು. ಪೊರೆಗಳು ಸಾಲುಗೊಂಡಿರುವುದರಿಂದ ಬೊಟ್ಟುಗಳೂ ಸಾಲಾಗಿ ಗೆರೆಯಂತೆ ತೋರುವುವು. ಚಿಲಿಚಿಮದ ಸ್ಥಾನಕ್ಕೆ ಈ ಮೀನನ್ನು ನಾನು ಸೂಚಿಸುವೆನು. ಕಣ್ಣಿನ ಕೆಂಪನ್ನು ಪುಸ್ತಕದ ಮುಂದಲ್ಲ, ಬೆಸ್ತರ ಬುಟ್ಟಿಯ ಮುಂದೆ ನಿಂತು ಪರೀಕ್ಷಿಸತಕ್ಕದ್ದು.

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದಪ್ರಕರಣವನ್ನು ಇಲ್ಲಿ ನೆನೆಯದಿರಲಾಗದು. ಕನ್ನಡನಾಡಿನ ದೊರೆಯು ಮೀನುಗಳನ್ನು ಪೊರೆಯುಳ್ಳವು ಪೊರೆಯಿಲ್ಲದವು ಎಂದೂ, ಕಡಲಿನವು ನದಿಯವು ಎಂದೂ ವಿಭಾಗಿಸಿ, ಯಾವುದಕ್ಕೆ ಯಾವ ಮೇವೆಂಬುದನ್ನೂ ಹೇಳಿರುವನು. ಅವನು ಕೊಟ್ಟ ಹೆಸರುಗಳನ್ನು ಜೀವಂತವಾದ ಮೀನುಗಳೊಡನೆ ಹೊಂದಿಸಿ ಹೋರಾ ಅವರು ೧೯೫೧ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಲೇಖನವು ಇಂತಹ ಕಾರ್ಯಕ್ಕೆ ಮಾದರಿ. ಆದರೆ ಒಂದು ಮಾತನ್ನು ಹೇಳಲೇಬೇಕು: ಸೋಮೇಶ್ವರನ ಕಣ್ಣು ಗಾಳದ ದಾರವನ್ನು ಹಿಡಿದು ಹೋಗುವ ಕಣ್ಣು. ದೊರೆಯ ವಿನೋದಕ್ಕೆ ತಕ್ಕಂತೆ ಎಳೆದಾಡುವ ಬಲವುಳ್ಳ ಮೀನೇ ಅಲ್ಲಿ ನಾಯಕ. ಬೆರಳುದ್ದದ ಮೀನಿನಿಂದ ದೊರೆಗೆ ವಿನೋದವಿಲ್ಲ.

ಕವಿಗಳದೂ ಇದೇ ಕಥೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯು ಸೇರಿರುವುದರಿಂದ ಮೀನಿಗೆ ಕಾವ್ಯದಲ್ಲಿ ಸ್ಥಳವುಂಟು. ಆದರೆ ಆ ಸ್ಥಳವೆಲ್ಲವನ್ನೂ ಶಫರಿಯೊಂದೇ ಆಕ್ರಮಿಸಿರುವುದು. ಕಾಳಿದಾಸನ ಮೇಘದೂತದಲ್ಲಿ ಗಂಭೀರಾ ನದಿಯ ಕಡೆಗಣ್ಣಿನ ನೋಟವಾಗಿ ಚಿಮ್ಮುವುದು ಶಫರವೇ. ಬೆಳ್ಳಗೆ ಹೊಳೆದು ನೀರಿನಿಂದ ನೆಗೆಯುವ ಮೀನು ದಡದಲ್ಲಿ ನಿಂತ ಕವಿಗೆ ಕಾಣುವುದು, ಕಣ್ಣಿಗೆ ಉಪಮಾನವಾಗುವುದು. ಮರಳಿನ ಬಣ್ಣದ ಮೀನು ಕಾಣದು. ಇದರಲ್ಲಿ ಕವಿಗಳ ದೋಷವೇನೂ ಇಲ್ಲ. ಕೋಶಕಾರನಿಗೆ ಮಾತ್ರ ದಡದಲ್ಲಿಯೇ ನಿಂತಿರುವ ಅಧಿಕಾರವಿಲ್ಲ. ಕಿಟ್ಟೆಲ್ ಮಹಾಶಯನು ೧೮೯೪ರಲ್ಲಿ ಅಚ್ಚುಮಾಡಿಸಿದ ಕೋಶದಲ್ಲಿ ಜನರ ಬಾಯಿಯ ಮಾತುಗಳಿಗೆ ಎಷ್ಟು ಎಡೆಯನ್ನು ಕೊಟ್ಟನೆಂಬುದು ಎಲ್ಲರೂ ಬಲ್ಲ ಸಂಗತಿ; ಸಾಹಿತ್ಯಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂದುದು ನಮ್ಮ ಭಾಗ್ಯ. ಇವೆರಡೂ ಹಾಕಿದ ಅಡಿಪಾಯದ ಮೇಲೆ ಕೂಳಿಯಿಟ್ಟು ಮೀನು ಹಿಡಿಯುವವರ ಮಾತುಗಳನ್ನು ತಾಲ್ಲೂಕು ತಾಲ್ಲೂಕಾಗಿ, ಮೀನಿನ ಚಿತ್ರದೊಡನೆ, ಕೂಡಿಸುವ ಕೆಲಸವು ಉಳಿದಿದೆ.

ಈ ಕೆಲಸಕ್ಕೆ ಅವಸರವುಂಟು. ಅಂತಾರಾಷ್ಟ್ರೀಯ ಸಂರಕ್ಷಣಸಂಘದ ಪಟ್ಟಿಯಲ್ಲಿ ಮರಳುಮೀನು ಅಪಾಯಕ್ಕೆ ಸಿಲುಕಿದವುಗಳ ಸಾಲಿನಲ್ಲಿಲ್ಲ. ದಕ್ಷಿಣಾಪಥವನ್ನೆಲ್ಲ ಕೂಡಿಸಿ ನೋಡಿದರೆ ಅದು ಸರಿ. ಆದರೆ ಒಂದು ಊರಿನ ಹಳ್ಳದ ಮೀನು ಆ ಊರಿನಲ್ಲಿ ಬದುಕುವುದು ಆ ಹಳ್ಳದ ಮರಳಿನಿಂದ. ಮನೆ ಕಟ್ಟುವ ಮರಳಿಗಾಗಿ ಹಳ್ಳಗಳನ್ನು ಬರಿದುಮಾಡಿ ಗಟ್ಟಿನೆಲವನ್ನು ತೋರಿಸಿದಲ್ಲಿ ಈ ಮೀನಿಗೆ ಅಡಗುವ ತಾಣವೂ ಇಲ್ಲ, ಜಾಲಿಸುವ ಅನ್ನವೂ ಇಲ್ಲ. ಹಿಂದೆ ನಮ್ಮ ತೋಟಗಾರರು ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಅದರಿಂದ ಕೆರೆಯ ತಳವು ಶುದ್ಧಿಯಾಗುತ್ತಿದ್ದಿತೇ ಹೊರತು ಹಳ್ಳದ ಮರಳಿಗೆ ಕೈ ತಾಗುತ್ತಿರಲಿಲ್ಲ. ಮರಳು ಹೋದರೆ ಮೀನು ಹೋಗುವುದು. ಮೀನು ಹೋದ ಊರಿನಲ್ಲಿ ಅದರ ಹೆಸರನ್ನು ಹೇಳುವವರು ಒಂದು ತಲೆಮಾರಿನ ಮೇಲೆ ಉಳಿಯರು.

ಅಧ್ಯಾಪಕರ ಉಪಯೋಗಕ್ಕಾಗಿ ಎರಡು ಅರ್ಥವಿವರಣೆಗಳನ್ನು ಇಲ್ಲಿ ಬರೆದಿಡುವೆನು. ಪಂಡಿತರು ತಿದ್ದಬೇಕಾಗಿ ಪ್ರಾರ್ಥನೆ.

ಚಿಲಿಚಿಮ: ರೋಹಿತದ ಆಕಾರದ, ಪೊರೆಯುಳ್ಳ, ಕೆಂಪು ಗೆರೆಗಳ ಮೀನು, ನೀರಿನ ತಳದಲ್ಲಿ ಸಂಚರಿಸುವುದು, ಹಾಲಿನೊಡನೆ ನಿಷಿದ್ಧವಾದವುಗಳಲ್ಲಿ ಮೊದಲನೆಯದು, ಅಮರದಲ್ಲಿ ನಲಮೀನಕ್ಕೆ ಪರ್ಯಾಯ.

ಮರಳುಮೀನು: ಬೆರಳುದ್ದದ, ಎಂಟು ಮೀಸೆಗಳ, ಕಣ್ಣಿನ ಕೆಳಗೆ ಕವಲುಮುಳ್ಳುಳ್ಳ ಸಿಹಿನೀರಿನ ಮೀನು, ಮರಳಿನಲ್ಲಿ ಹುದುಗಿರುವುದು, ಕರುಳಿನಿಂದಲೂ ಉಸಿರಾಡುವುದು, ತಮಿಳಿನ ಅಯಿರೈ, ಹಾಲ್ಕುರಿಕೆಯ ಕಡೆ ತೋಟದ ಕಾಲುವೆಗಳಲ್ಲಿ ಕಾಣುವುದು.